ಊರು ಬಿಟ್ಟವರನ್ನು ಊರು ಬಿಡದಿರಲಿ



ನಮ್ಮ ಧರ್ಮೋಪದೇಶ ತರಗತಿಯ ಹಳೆಯ ಹಾಜರಿ ಪುಸ್ತಕದಲ್ಲಿ ನನಗೆ ನಾಚಿಕೆ ತರುವ ಒಂದು ಪುಟವಿದೆ. ಆ ಪುಟವನ್ನು ತುಂಬಿದವನು ನಾನೇ. ಅದರಲ್ಲಿ ಒಬ್ಬ ಅಣ್ಣ, ಒಬ್ಬ ತಂಗಿ, ಎರಡು ಹೆಸರುಗಳಿವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಭಾನುವಾರ 'ಹಾಜರು'. ದೀಪಾವಳಿ ಕಳೆದ ಮೇಲೆ ಪ್ರತಿ ಭಾನುವಾರ 'ಗೈರು'. ಜನವರಿಯಲ್ಲಿ ನಾನು ಆ ಎರಡೂ ಹೆಸರುಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಬಿಟ್ಟಿದ್ದಾರೆ' ಎಂದು ಬರೆದೆ.

ಅವರು ಬಿಟ್ಟಿರಲಿಲ್ಲ. ಅಪ್ಪ ಅಮ್ಮನ ಜೊತೆ ಕಬ್ಬಿನ ಕಟಾವಿಗೆ ಹೋಗಿದ್ದರು. ಮೇ ತಿಂಗಳಲ್ಲಿ ಮರಳಿ ಬಂದು ಬೆಂಚಿನ ಮೇಲೆ ಕುಳಿತರು. ನಾನು ಹೊಸ ಪಟ್ಟಿ ಓದಿ ಮುಗಿಸಿದಾಗ ಆ ಹುಡುಗಿ, "ನಮ್ಮ ಹೆಸರು ಕೂಗಲೇ ಇಲ್ಲ" ಎಂದಳು. ದೂರುವ ದನಿ ಇರಲಿಲ್ಲ, ಮರೆತಿರಬೇಕು ಎಂದು ನೆನಪಿಸುವ ಹಾಗೆ ಹೇಳಿದಳು. ಅವರು ಎಲ್ಲಿಗೆ ಹೋಗಿದ್ದರು ಎಂದು ನಾನು ಆರು ತಿಂಗಳಲ್ಲಿ ಯಾರನ್ನೂ ಕೇಳಿರಲಿಲ್ಲ. ಇವತ್ತು ಬರೆಯಬೇಕೆಂದಿರುವುದು ಆ ಗೆರೆಯ ಬಗ್ಗೆ.

ಗುಳೆ ಹೋಗುವುದು ನಮಗೆ ಹೊಸ ಮಾತಲ್ಲ. ಆದರೆ ಗುಳೆಯ ಬಗ್ಗೆ ನಾವು ಮಾತಾಡುವಾಗ ಹೋದವರ ಕಷ್ಟದ ಬಗ್ಗೆ ಮಾತ್ರ ಮಾತಾಡುತ್ತೇವೆ, ಅದೂ ಅಪರೂಪಕ್ಕೆ. ಅವರು ಹೋದ ಮೇಲೆ ಊರಿಗೆ ಏನಾಗುತ್ತದೆ, ಉಳಿದ ನಾವು ಏನು ಮಾಡುತ್ತೇವೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಶೇಗಾಂವದ ಕಡೆಯ ಮಾತು

ನನ್ನ ತಾಯಿಯ ತವರು ಶೇಗಾಂವ. ವಿದರ್ಭದಲ್ಲಿರುವ ಗಜಾನನ ಮಹಾರಾಜರ ಶೇಗಾಂವ ಅಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಶೇಗಾಂವ. ಜತ್ತ ಎಂದರೆ ಮಹಾರಾಷ್ಟ್ರದ ಅಂಚು. ಒಂದು ಕಡೆ ನಮ್ಮ ವಿಜಯಪುರ ಜಿಲ್ಲೆ, ಇನ್ನೊಂದು ಕಡೆ ಅಥಣಿ. 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಸೀಮೆ ಇದು. ಸಂತೆಯಲ್ಲಿ ಒಂದೇ ವ್ಯಾಪಾರ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಗುಡ್ಡಾಪುರದ ದಾನಮ್ಮನ ಗುಡಿಗೆ ಕರ್ನಾಟಕದಿಂದ ಜನ ನಡೆದುಕೊಂಡು ಬರುತ್ತಾರೆ. ಮಾಡಗ್ಯಾಳದ ಕುರಿ ತಳಿಗೆ ದೂರದ ಊರುಗಳಲ್ಲೂ ಬೆಲೆ ಇದೆ.

ಇಲ್ಲದ್ದು ನೀರು. ಸಹ್ಯಾದ್ರಿ ದಾಟಿ ಬರುವ ಮೋಡ ಇಲ್ಲಿಗೆ ತಲುಪುವ ಹೊತ್ತಿಗೆ ಬರಿದಾಗಿರುತ್ತದೆ. ಕೃಷ್ಣಾ ನದಿ ಇದೇ ಜಿಲ್ಲೆಯಲ್ಲಿ, ಸಾಂಗಲಿ ನಗರದ ಪಕ್ಕದಲ್ಲೇ ಹರಿಯುತ್ತದೆ. ಆದರೆ ಜತ್ತ ಎತ್ತರದಲ್ಲಿದೆ. ಮಿರಜ ತಾಲೂಕಿನ ಮ್ಹೈಸಾಳದಿಂದ ನೀರೆತ್ತಿ ತರುವ ಯೋಜನೆಯಿಂದ ತಾಲೂಕಿನ ಕೆಲವು ಭಾಗಕ್ಕೆ ನೀರು ಬಂತು, ಗಡಿಯ ಹಳ್ಳಿಗಳು ವರ್ಷಗಟ್ಟಲೆ ಕಾದವು. ಇಲ್ಲಿನ 40 ಗ್ರಾಮ ಪಂಚಾಯಿತಿಗಳು ಹಿಂದೆ ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು ಎಂದು 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದಾಗ ಎರಡೂ ರಾಜ್ಯಗಳ ಟಿವಿಯವರು ಜತ್ತಕ್ಕೆ ಓಡಿ ಬಂದರು. ಗಡಿ ಯಾರದು ಎಂಬ ಚರ್ಚೆ ಬಹಳ ದಿನ ನಡೆಯಿತು. ಠರಾವಿನ ಹಿಂದೆ ಇದ್ದದ್ದು ಮುಖ್ಯವಾಗಿ ನೀರಿನ ಕೂಗು.

ನೀರು ಜನರ ಬಳಿಗೆ ಬರಲಿಲ್ಲ, ಅದಕ್ಕೆ ಜನ ನೀರಿದ್ದ ಕಡೆಗೆ ಹೋಗುತ್ತಾರೆ. ಕೃಷ್ಣಾ, ವಾರಣಾ, ಪಂಚಗಂಗಾ ದಂಡೆಯ ಕಬ್ಬಿನ ಹೊಲಗಳಿಗೆ. ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುವ ಬೆಳೆಯನ್ನು ಕಡಿಯುವವರು ಎಲ್ಲರಿಗಿಂತ ಕಡಿಮೆ ನೀರಿರುವ ಊರಿನವರು. ಜತ್ತದವರು ಮಾತ್ರವಲ್ಲ, ವಿಜಯಪುರದ ತಾಂಡಾಗಳವರು, ಮರಾಠವಾಡದ ಬೀಡದವರು, ಎಲ್ಲರೂ ಇದೇ ಹೊಲಗಳಲ್ಲಿ ಸೇರುತ್ತಾರೆ.

ಒಂದು ವರ್ಷದ ಲೆಕ್ಕ

ಈ ಗುಳೆ ಟ್ರ್ಯಾಕ್ಟರ್ ಹತ್ತುವ ದಿನ ಶುರುವಾಗುವುದಿಲ್ಲ. ಮಳೆಗಾಲದ ಮಧ್ಯದಲ್ಲೇ, ಮನೆಯಲ್ಲಿ ಕಾಳು ಮುಗಿದಾಗ ಶುರುವಾಗುತ್ತದೆ. ಮಗಳ ಮದುವೆ, ಅಜ್ಜನ ಆಪರೇಷನ್, ಬತ್ತಿದ ಬೋರ್‌ವೆಲ್, ಏನೋ ಒಂದು ಖರ್ಚು ಎದುರಿಗೆ ನಿಂತಿರುತ್ತದೆ. ಮುಕಾದಮ ಬಂದು ಮುಂಗಡ ಕೊಡುತ್ತಾನೆ. ಮರಾಠಿಯಲ್ಲಿ ಅದಕ್ಕೆ ಉಚಲ್ ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಲೆಕ್ಕದಲ್ಲಿ 'ಒಂದು ಕೊಯ್ತಾ'. ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರು.

2024ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಕಟಾವಿನ ಕೂಲಿ ಶೇಕಡಾ 34ರಷ್ಟು ಏರಿತು. ಟನ್ನಿಗೆ 273 ರೂಪಾಯಿ ಇದ್ದದ್ದು 366 ಆಯಿತು. ದೊಡ್ಡ ಏರಿಕೆಯೇ. ಈಗ ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಜೋಡಿ ದಿನಕ್ಕೆ 2 ಟನ್ ಕಡಿದು, ಸವರಿ, ಕಟ್ಟಿ, ಹೊತ್ತು ಲಾರಿಗೆ ತುಂಬುತ್ತದೆ ಎನ್ನೋಣ. ಇಬ್ಬರಿಗೆ ಸೇರಿ 732 ರೂಪಾಯಿ. 150 ದಿನ ಒಂದು ದಿನವೂ ತಪ್ಪದೆ ದುಡಿದರೆ 1,09,800. ಮುಂಗಡ 1 ಲಕ್ಷ ಪಡೆದಿದ್ದರೆ ಆರು ತಿಂಗಳ ದುಡಿಮೆಯ ನಂತರ ಕೈಗೆ ಉಳಿಯುವುದು 9,800. ನಡುವೆ ಜ್ವರ ಬಂದರೆ, ಹೆರಿಗೆಯಾದರೆ, ಕಾರ್ಖಾನೆ ಬೇಗ ನಿಂತರೆ ಲೆಕ್ಕ ತಲೆಕೆಳಗಾಗುತ್ತದೆ. ಉಳಿದ ಸಾಲ ಮುಂದಿನ ವರ್ಷಕ್ಕೆ ಹೋಗುತ್ತದೆ. ಆಗ ಮುಂದಿನ ವರ್ಷ ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಮುಕಾದಮನೊಬ್ಬನನ್ನೇ ದೂರಿ ಕೈತೊಳೆದುಕೊಳ್ಳುವುದು ಸುಲಭ. ಅವನೂ ಬಹಳ ಸಲ ಇದೇ ಊರಿನವನು, ಅವನ ತಲೆಯ ಮೇಲೂ ಸಾಲವಿರುತ್ತದೆ, ಮುಂಗಡ ಪಡೆದು ಬಾರದೆ ಉಳಿದವರಿಂದ ಮುಳುಗಿದ ಮುಕಾದಮರೂ ಇದ್ದಾರೆ. 1976ರಲ್ಲೇ ಜೀತ ಪದ್ಧತಿ ನಿಷೇಧದ ಕಾನೂನು ಬಂದಿದೆ. ಆದರೆ ಮಳೆಗಾಲದಲ್ಲಿ ಒಂದು ಬಡ ಮನೆಗೆ ಬೇರೆ ಯಾರೂ ಸಾಲ ಕೊಡದ ತನಕ ಮುಂಗಡ ನಿಲ್ಲುವುದಿಲ್ಲ.

ಇನ್ನು ಊರಿನ ಕಡೆ ನೋಡಿ. ಹಿಂಗಾರಿ ಜೋಳ ಬಿತ್ತಿ ಅವರು ಹೋಗುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವವರು ಅಜ್ಜ ಅಜ್ಜಿ ಮಾತ್ರ. ಹಸಿ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ ಬಿತ್ತಿದವರು ಇರುವುದಿಲ್ಲ. ಜೋಳ ಕೀಳುವ ಹೊತ್ತಿಗೂ ಇಲ್ಲ. ಹೊಲವನ್ನು ಪಾಲಿಗೆ ಕೊಡುತ್ತಾರೆ, ಇಲ್ಲವೇ ಬೀಳು ಬಿಡುತ್ತಾರೆ. ಜನವರಿ 26ರ ಗ್ರಾಮಸಭೆ ನಡೆಯುತ್ತದೆ, ಯಾರಿಗೆ ಮನೆ, ಎಲ್ಲಿ ನಲ್ಲಿ ಎಂದು ಮಾತಾಗುತ್ತದೆ. ಮನೆಯೂ ನಲ್ಲಿಯೂ ಬೇಕಾದವರು ಆ ದಿನ ನೂರು ಕಿಲೋಮೀಟರ್ ದೂರದಲ್ಲಿ ಕಬ್ಬಿನ ರವದಿಯ ಗುಡಿಸಲಿನಲ್ಲಿರುತ್ತಾರೆ. ಅವರ ಪರವಾಗಿ ಮಾತಾಡಲು ಯಾರಿರುತ್ತಾರೆ?

ಶಾಲೆಯ ಕಥೆ ಎಲ್ಲರಿಗೂ ಗೊತ್ತು. ದೀಪಾವಳಿ ರಜೆ ಮುಗಿದು ಗಂಟೆ ಬಾರಿಸಿದಾಗ ಕೆಲವು ಬೆಂಚುಗಳು ಖಾಲಿ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕು ಕೊಟ್ಟ 2009ರ ಕಾನೂನಿದೆ. ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಹಂಗಾಮಿ ವಸತಿಗೃಹದ ಯೋಜನೆ ಮಹಾರಾಷ್ಟ್ರದಲ್ಲಿದೆ. ಅಪ್ಪ ಅಮ್ಮ ಹೋದರೂ ಮಗು ಅಜ್ಜಿಯ ಬಳಿ ಇದ್ದು ಶಾಲೆಯ ಮೂಲಕ ಊಟ ಪಡೆದು ಓದು ಮುಂದುವರಿಸಬಹುದು. ಆದರೆ ಯಾರು ಹೋಗುತ್ತಾರೆ ಎಂಬ ಪಟ್ಟಿ ಸಮಯಕ್ಕೆ ಸರಿಯಾಗಿ ಹೋಗಬೇಕು, ಅಜ್ಜಿಗೆ ಆ ಜವಾಬ್ದಾರಿ ಹೊರುವ ಧೈರ್ಯ ಬರಬೇಕು. ಕನ್ನಡ ಶಾಲೆಯ ಮಗುವಿಗೆ ಇನ್ನೊಂದು ತೊಂದರೆ. ಕಟಾವಿನ ಊರಿನ ಶಾಲೆಗೆ ಸೇರಿಸಿದರೂ ಅಲ್ಲಿ ಪಾಠ ಮರಾಠಿಯಲ್ಲಿ. ಕನ್ನಡದ ಒಂದು ಪಾಠ ಅರ್ಧಕ್ಕೆ ನಿಲ್ಲುತ್ತದೆ, ಮರಾಠಿಯ ಒಂದು ಪಾಠ ಅರ್ಧದಿಂದ ಶುರುವಾಗುತ್ತದೆ.

ಹೆಣ್ಣುಮಕ್ಕಳ ಮಾತು ಇನ್ನೂ ಕಠಿಣ. ಬೆಳೆದ ಮಗಳನ್ನು ಊರಲ್ಲಿ ಒಂಟಿ ಬಿಡಲು ಹೆದರಿಕೆ, ಹೊಲದ ಗುಡಿಸಲಿಗೆ ಕರೆದೊಯ್ಯಲೂ ಹೆದರಿಕೆ. ಮದುವೆ ಮಾಡಿದರೆ ಹೆದರಿಕೆ ಮುಗಿಯುತ್ತದೆ, ಇನ್ನೊಂದು ಕೊಯ್ತಾ ಕೂಡ ಆಗುತ್ತದೆ. 18 ತುಂಬದ ಮದುವೆಗಳು ನಡೆಯುವುದು ಹೀಗೆ. ಹೊಲಕ್ಕೆ ಹೋದ ಹೆಣ್ಣುಮಕ್ಕಳ ದೇಹದ ಮೇಲೆ ಏನಾಗುತ್ತದೆ ಎಂಬುದು 2019ರಲ್ಲಿ ಬೀಡ ಜಿಲ್ಲೆಯಿಂದ ದೇಶಕ್ಕೆಲ್ಲ ತಿಳಿಯಿತು. ಸಮೀಕ್ಷೆ ಮಾಡಿದ 82 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಶೌಚಾಲಯವಿಲ್ಲ, ವಿಶ್ರಾಂತಿಯಿಲ್ಲ, ಒಂದು ದಿನ ತಪ್ಪಿದರೆ ದಂಡ. ಆ ನೋವು ಹಂಗಾಮು ಮುಗಿದಾಗ ಹೊಲದಲ್ಲೇ ಉಳಿಯುವುದಿಲ್ಲ. ಅವರ ಜೊತೆ ಊರಿಗೆ ಬರುತ್ತದೆ.

ಹೋಗುವುದೇ ತಪ್ಪೇ?

ಇಷ್ಟು ಓದಿದ ಮೇಲೆ ಕೆಲವರು "ಹಾಗಾದರೆ ಹೋಗುವುದನ್ನೇ ನಿಲ್ಲಿಸಬೇಕು" ಎನ್ನಬಹುದು. ನಾನು ಒಪ್ಪುವುದಿಲ್ಲ.

ಸಾಂಗಲಿ ಜಿಲ್ಲೆಯ ಬೇರೆ ತಾಲೂಕುಗಳನ್ನೇ ನೋಡಿ. ಖಾನಾಪುರ, ಆಟಪಾಡಿ, ವಿಟಾ ಕಡೆಯವರು ಚಿನ್ನ ಬೆಳ್ಳಿ ಕರಗಿಸಿ ಶುದ್ಧ ಮಾಡುವ ಗಲಾಯಿ ಕೆಲಸಕ್ಕೆ ದೇಶವೆಲ್ಲ ಹೋಗಿದ್ದಾರೆ. ಕೇರಳ, ತಮಿಳುನಾಡಿನ ಪಟ್ಟಣಗಳಲ್ಲೂ ಬಂಗಾರದ ಅಂಗಡಿ ಬೀದಿಯ ಹಿಂದೆ ಸಾಂಗಲಿಯ ಮಾತು ಕೇಳಿಸುತ್ತದೆ. ಅವರದೂ ಇದೇ ಬರದ ನೆಲ. ಅವರೂ ಊರು ಬಿಟ್ಟವರೇ. ಆದರೆ ಒಬ್ಬ ಮಾಮನೋ ಅಣ್ಣನೋ ಮೊದಲು ಹೋಗಿ ಅಂಗಡಿ ಹಾಕಿದ, ಆಮೇಲೆ ಊರಿನ ಹುಡುಗರನ್ನು ಕರೆಸಿಕೊಂಡು ಕಸುಬು ಕಲಿಸಿದ. ಹಣ ಊರಿಗೆ ಬಂತು, ಮನೆ ಎದ್ದವು. ಕಬ್ಬಿಗೆ ಹೋದವನಿಗೂ ಗಲಾಯಿಗೆ ಹೋದವನಿಗೂ ಇರುವ ವ್ಯತ್ಯಾಸ ದೂರದಲ್ಲಿಲ್ಲ. ಒಬ್ಬ ಸಾಲ ತೀರಿಸಲು ಹೋಗುತ್ತಾನೆ, ಇನ್ನೊಬ್ಬ ಕಸುಬು ಕಲಿಯಲು ಹೋಗುತ್ತಾನೆ. ಒಬ್ಬನನ್ನು ಮುಂಗಡ ಎಳೆದೊಯ್ಯುತ್ತದೆ, ಇನ್ನೊಬ್ಬನನ್ನು ಊರಿನವರೇ ಕೈಹಿಡಿದು ಕರೆದೊಯ್ಯುತ್ತಾರೆ.

ಇನ್ನೊಂದು ಮಾತು ನೆನಪಿಡಿ. ಬರಗಾಲದಲ್ಲಿ ಕೂಲಿಗಾಗಿ ಊರು ಬಿಡಬೇಕಾಗಿಲ್ಲ, ಕೇಳಿದವರಿಗೆ ಸರ್ಕಾರ ಕೆಲಸ ಕೊಡಬೇಕು ಎಂಬ ವಿಚಾರವನ್ನು ಮುಂದಿಟ್ಟವರಲ್ಲಿ ಮುಖ್ಯರು ವಿ. ಸ. ಪಾಗೆ. ಅವರು ಸಾಂಗಲಿ ಜಿಲ್ಲೆಯವರು. ಇದೇ ಜಿಲ್ಲೆಯ ವಿಸಾಪುರದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. 1972ರ ಭೀಕರ ಬರದಲ್ಲಿ ಮಹಾರಾಷ್ಟ್ರ ಅದನ್ನು ದೊಡ್ಡದಾಗಿ ಜಾರಿಗೆ ತಂದಿತು, 1977ರಲ್ಲಿ ಅದು ಕಾನೂನಾಯಿತು. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾನೂನಿಗೆ ಅದೇ ಮಾದರಿ. ಊರಲ್ಲಿ ಉಳಿಯುವ ಹಕ್ಕಿನ ವಿಚಾರ ಹುಟ್ಟಿದ ಜಿಲ್ಲೆಯಿಂದಲೇ ಇವತ್ತೂ ಟ್ರ್ಯಾಕ್ಟರ್‌ಗಳು ತುಂಬಿ ಹೋಗುತ್ತಿವೆ. ಉಳಿಯುವ ಹಕ್ಕೂ ಬೇಕು, ಹೋಗುವ ಹಕ್ಕೂ ಬೇಕು. ಇಲ್ಲಿ ನಮ್ಮವರಿಗೆ ಇರುವುದು ಹೋಗಲೇಬೇಕಾದ ಬಲವಂತ.

ಯೂರೋಪಿನ ಒಂದು ಕನ್ನಡಿ

ಕಟಾವು ಮುಗಿಸಿ ನಮ್ಮವರು ಮನೆಗೆ ಬರುವ ಏಪ್ರಿಲ್ ತಿಂಗಳಲ್ಲೇ ಒಂದು ದಿನಾಚರಣೆ ಇದೆ. ಏಪ್ರಿಲ್ 8, ಅಂತರರಾಷ್ಟ್ರೀಯ ರೋಮಾ ದಿನ. 1971ರ ಅದೇ ದಿನ ಲಂಡನ್ ಬಳಿ ರೋಮಾ ಜನರ ಮೊದಲ ವಿಶ್ವ ಸಮ್ಮೇಳನ ಸೇರಿತ್ತು. ಅವರ ಬಾವುಟದ ಮೇಲೆ ಆಕಾಶದ ನೀಲಿ, ಕೆಳಗೆ ಹುಲ್ಲಿನ ಹಸಿರು, ನಡುವೆ ಕೆಂಪು ಚಕ್ರ. ನಮ್ಮ ಅಶೋಕ ಚಕ್ರವನ್ನು ನೆನಪಿಸುತ್ತದೆ, ಅದಕ್ಕೆ ಕಾರಣವೂ ಇದೆ. ಇವರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು. ಇವತ್ತು ಯೂರೋಪಿನಲ್ಲಿ 1 ಕೋಟಿಯಿಂದ 1.2 ಕೋಟಿಯಷ್ಟಿದ್ದಾರೆ. ಅವರ ಭಾಷೆಯಲ್ಲಿ ಒಂದು, ಎರಡು ಎಂದರೆ ಯೇಕ್, ದೂಯಿ. ಐದಕ್ಕೆ ಪಾಂಜ್. ನೀರಿಗೆ ಪಾನಿ. ನಮ್ಮ ಲಂಬಾಣಿ ಗೆಳೆಯರಿಗೆ ಇದನ್ನು ಓದಿ ಹೇಳಿ, ನಗುತ್ತಾರೆ. ಇಬ್ಬರೂ ಒಂದೇ ಜನ ಎಂದು ನಾನು ಹೇಳುತ್ತಿಲ್ಲ. ಆದರೆ ಅವಮಾನದ ಕಥೆ ಎರಡೂ ಕಡೆ ಒಂದೇ ತರಹದ್ದು. ಅಲೆಮಾರಿ ಎಂದರೆ ಕಳ್ಳ ಎಂಬ ಹಣೆಪಟ್ಟಿ ಅವರಿಗೆ ಅಲ್ಲಿ ಅಂಟಿತು. ಇಲ್ಲಿ ಲಂಬಾಣಿಗಳೂ ಸೇರಿ ಅನೇಕ ಸಮುದಾಯಗಳನ್ನು 1871ರ ಕಾನೂನಿನಡಿ ಬ್ರಿಟಿಷರು 'ಅಪರಾಧಿ ಬುಡಕಟ್ಟು' ಎಂದು ಬರೆದರು. ಆ ಪಟ್ಟಿ ರದ್ದಾದದ್ದು 1952ರಲ್ಲಿ.

ರೋಮಾ ಜನರನ್ನು ಕೇವಲ ಅಲೆಮಾರಿಗಳು ಎಂದುಕೊಳ್ಳುವುದು ತಪ್ಪು. ಈಗಿನ ರೊಮೇನಿಯಾದ ಭಾಗಗಳಾದ ವಲಾಚಿಯಾ, ಮೊಲ್ದಾವಿಯಾಗಳಲ್ಲಿ ಅವರು ಸುಮಾರು ಐದು ಶತಮಾನ ಗುಲಾಮರಾಗಿದ್ದರು. ಅರಸರ, ಜಮೀನ್ದಾರರ, ದುಃಖದ ಮಾತೆಂದರೆ ಕ್ರೈಸ್ತ ಮಠಗಳ ಗುಲಾಮರು. 1856ರ ಹೊತ್ತಿಗೆ ಬಿಡುಗಡೆಯಾಯಿತು, ಆದರೆ ಜಮೀನು ಸಿಗಲಿಲ್ಲ. ಕಮ್ಯುನಿಸ್ಟ್ ಕಾಲದಲ್ಲಿ ಸಾಮೂಹಿಕ ಕೃಷಿಯಲ್ಲೂ ಕಾರ್ಖಾನೆಗಳಲ್ಲೂ ಕೂಲಿ ಸಿಕ್ಕಿತು. 1989ರ ನಂತರ ಅವೂ ಮುಚ್ಚಿದವು. ಜಮೀನನ್ನು ಹಳೆಯ ಒಡೆಯರಿಗೆ ಹಂಚಿದಾಗ ಎಂದೂ ಒಡೆಯರಾಗಿರದ ರೋಮಾ ಕುಟುಂಬಗಳಿಗೆ ಹೆಚ್ಚಿನ ಕಡೆ ಏನೂ ಬರಲಿಲ್ಲ. 2007ರಲ್ಲಿ ರೊಮೇನಿಯಾ, ಬಲ್ಗೇರಿಯಾ ಯೂರೋಪಿನ ಒಕ್ಕೂಟ ಸೇರಿದ ಮೇಲೆ ಬಹಳ ಮಂದಿ ಇಟಲಿ, ಸ್ಪೇನ್, ಫ್ರಾನ್ಸ್, ಜರ್ಮನಿಗೆ ಹೊರಟರು. ಅಲ್ಲಿಯೂ ಹಳ್ಳಿಯಲ್ಲಿ ಉಳಿದದ್ದು ಅಜ್ಜಿ ಮತ್ತು ಮೊಮ್ಮಕ್ಕಳು. ಕಳಿಸಿದ ಹಣದಲ್ಲಿ ಮನೆ ಎದ್ದವು, ಮನೆಯಲ್ಲಿ ವಾಸಿಸಬೇಕಾದವರು ಹೊರಗೇ ಉಳಿದರು.

2010ರಲ್ಲಿ ಫ್ರಾನ್ಸ್ ಸರ್ಕಾರ ಅವರ ಗುಡಿಸಲುಗಳನ್ನು ಕಿತ್ತು, ವಯಸ್ಕರಿಗೆ ತಲಾ 300 ಯೂರೋ ಕೈಗಿಟ್ಟು ವಿಮಾನ ಹತ್ತಿಸಿತು. ಅನೇಕರು ಮತ್ತೆ ಮರಳಿದರು. ಏಕೆಂದರೆ ಅವರ ಹಳ್ಳಿಯಲ್ಲಿ ಏನೂ ಬದಲಾಗಿರಲಿಲ್ಲ. ಪ್ಯಾರಿಸ್‌ನವರು ರಸ್ತೆ ಬದಿಯ ಗುಡಿಸಲನ್ನು ಮಾತ್ರ ಕಂಡರು, ಆ ಗುಡಿಸಲಿನ ಹಿಂದಿದ್ದ ಹಳ್ಳಿಯನ್ನು ಕಾಣಲಿಲ್ಲ. ಕೊಲ್ಹಾಪುರದ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಕಬ್ಬಿನ ಗದ್ದೆಯ ಬದಿಯ ಗುಡಿಸಲುಗಳನ್ನು ನಾವು ನೋಡುವುದೂ ಹಾಗೆಯೇ. ಅದರೊಳಗಿನ ಮಗು ಜತ್ತದ ಯಾವುದೋ ಶಾಲೆಯ ಮೂರನೆಯ ತರಗತಿಯ ಮಗು ಎಂದು ನಮಗೆ ಹೊಳೆಯುವುದಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ತಡವಾಗಿಯಾದರೂ ಕಣ್ಣು ತೆರೆಯಿತು. 1965ರ ಸೆಪ್ಟೆಂಬರ್ 26ರಂದು ಪೋಪ್ ಆರನೆಯ ಪೌಲರು ರೋಮ್ ಬಳಿಯ ಪೊಮೇಜಿಯಾದಲ್ಲಿ ರೋಮಾ ಯಾತ್ರಿಕರ ಡೇರೆಗಳಿಗೇ ಹೋಗಿ, ನೀವು ಧರ್ಮಸಭೆಯ ಅಂಚಿನಲ್ಲಿಲ್ಲ ಎಂಬ ಭರವಸೆ ಕೊಟ್ಟರು. 2019ರ ಜೂನ್ 2ರಂದು ಪೋಪ್ ಫ್ರಾನ್ಸಿಸರು ರೊಮೇನಿಯಾದ ಬ್ಲಾಜ್‌ನಲ್ಲಿ ರೋಮಾ ಸಮುದಾಯದ ಮುಂದೆ ನಿಂತು, ಅವರನ್ನು ಕೀಳಾಗಿ ಕಂಡದ್ದಕ್ಕೆ ಕ್ಷಮೆ ಕೇಳಿದರು.

ಇವರಿಬ್ಬರ ನಡುವೆ ಇನ್ನೊಬ್ಬರಿದ್ದಾರೆ, ನಮ್ಮ ಯುವಕರು ತಿಳಿಯಲೇಬೇಕಾದವರು. ಸ್ಪೇನಿನ ಸೆಫೆರಿನೋ ಹಿಮೆನೆಸ್ ಮಾಯಾ. ಹೇಸರಗತ್ತೆ, ಕುದುರೆ ವ್ಯಾಪಾರ ಮಾಡುತ್ತಿದ್ದ ರೋಮಾ ಮನುಷ್ಯ. ಓದು ಬರಹ ಬರುತ್ತಿರಲಿಲ್ಲ. ಆದರೂ ಮಕ್ಕಳನ್ನು ಸೇರಿಸಿಕೊಂಡು ಬೈಬಲಿನ ಕಥೆ ಹೇಳುತ್ತಿದ್ದರು, ಪ್ರಾರ್ಥನೆ ಕಲಿಸುತ್ತಿದ್ದರು. 1936ರ ಅಂತರ್ಯುದ್ಧದಲ್ಲಿ ಒಬ್ಬ ಗುರುಗಳನ್ನು ಎಳೆದೊಯ್ಯುವಾಗ ಅಡ್ಡ ಬಂದರು, ಬಂಧನವಾಯಿತು. ಜಪಸರ ಬಿಟ್ಟುಕೊಟ್ಟರೆ ಉಳಿಯಬಹುದು ಎಂಬ ಸಲಹೆ ಬಂದರೂ ಬಿಡಲಿಲ್ಲ, ಗುಂಡಿಗೆ ಬಲಿಯಾದರು. 1997ರ ಮೇ 4ರಂದು ಪೋಪ್ ಎರಡನೆಯ ಜಾನ್ ಪೌಲರು ಅವರಿಗೆ ಪುನೀತ ಪದವಿ ಕೊಟ್ಟರು. ಆ ಗೌರವ ಪಡೆದ ಮೊದಲ ರೋಮಾ ಅವರು. ಅವರ ಕಥೆ ಓದಿದ ದಿನ ನನಗೆ ಮೊದಲು ನೆನಪಾದದ್ದು ನನ್ನ ಹಾಜರಿ ಪುಸ್ತಕ. ಓದಲು ಬಾರದ ಒಬ್ಬ ಧರ್ಮೋಪದೇಶಕ ತನ್ನ ಮಕ್ಕಳನ್ನು ಮರೆಯಲಿಲ್ಲ. ಓದಲು ಬರುವ ನಾನು ಪೆನ್ನಿನಿಂದ ಎರಡು ಹೆಸರು ಅಳಿಸಿದೆ.

ಗಲ್ಫಿಗೆ ಹೋದವರು, ಕಬ್ಬಿಗೆ ಹೋದವರು

ಈಗ ನಮ್ಮೊಳಗಿನ ಮಾತು. ನಮ್ಮಲ್ಲಿ ಯಾರಾದರೂ ಕುವೈತಿಗೋ ದುಬೈಗೋ ಹೋಗುವಾಗ ಏನು ಮಾಡುತ್ತೇವೆ? ಹೋಗುವ ಮುಂಚಿನ ಭಾನುವಾರ ಗುರುಗಳ ಆಶೀರ್ವಾದ ಪಡೆಯುತ್ತಾರೆ. ಪೂಜೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಭಾಶಯ. ಹಬ್ಬಕ್ಕೆ ಅವರು ಕಳಿಸಿದ ದೇಣಿಗೆಯನ್ನು ಓದಿ ಹೇಳುತ್ತೇವೆ. ರಜೆಗೆ ಬಂದರೆ ಮನೆಗೆ ಹೋಗಿ ಮಾತಾಡಿಸುತ್ತೇವೆ. ಇದೆಲ್ಲ ಒಳ್ಳೆಯದೇ.

ಕಬ್ಬಿಗೆ ಹೋಗುವವರು ರಾತ್ರಿ ಟ್ರ್ಯಾಕ್ಟರ್ ಹತ್ತುತ್ತಾರೆ. ಪಾತ್ರೆ, ಹಾಸಿಗೆ, ಜೋಳದ ಚೀಲ, ಒಂದು ಕೋಳಿ, ಮೇಲೆ ಮಕ್ಕಳು. ಅವರಿಗಾಗಿ ಯಾವ ಭಾನುವಾರ ನಾವು ಪ್ರಾರ್ಥಿಸಿದ್ದೇವೆ? ಕ್ರಿಸ್ತಜಯಂತಿಗೆ ಅವರು ಬಾರದಿದ್ದರೆ "ಅವರಿಗೆ ಭಕ್ತಿ ಕಡಿಮೆ" ಎಂದು ಮಾತಾಡಿದ್ದೂ ಉಂಟು. ಇಬ್ಬರೂ ಹೊಟ್ಟೆಪಾಡಿಗೇ ಹೋದವರು. ಒಬ್ಬರ ಬಳಿ ಪಾಸ್‌ಪೋರ್ಟ್ ಇದೆ, ಒಬ್ಬರ ಬಳಿ ಕೊಯ್ತಾ ಇದೆ. ಒಬ್ಬರ ಗೈರು ನಮಗೆ ಹೆಮ್ಮೆ, ಇನ್ನೊಬ್ಬರ ಗೈರು ನಮಗೆ ಗೈರು ಮಾತ್ರ.

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಸುತ್ತ ಲಕ್ಷಕ್ಕೂ ಹೆಚ್ಚು ಕಟಾವು ಕಾರ್ಮಿಕರು ಸಿಕ್ಕಿಹಾಕಿಕೊಂಡರು. ಏಪ್ರಿಲ್ ಮಧ್ಯದಲ್ಲಿ ಸರ್ಕಾರ ಮನೆಗೆ ಹೋಗಲು ಬಿಟ್ಟಾಗ ಕೆಲವು ಹಳ್ಳಿಗಳು ಸ್ವಂತ ಊರಿನವರನ್ನೇ ಸೀಮೆಯಲ್ಲಿ ತಡೆದವು. ರೋಗದ ಭಯವಿತ್ತು, ನಿಜ. ಆದರೆ ಆ ದಿನ ಕಂಡದ್ದು ರೋಗದ ಭಯವೊಂದೇ ಅಲ್ಲ. ಊರು ಬಿಟ್ಟವರನ್ನು ಊರು ಮನಸ್ಸಿನಲ್ಲಿ ಅದಕ್ಕಿಂತ ಮೊದಲೇ ಬಿಟ್ಟಿತ್ತು.

ಬೈಬಲಿನಲ್ಲಿ ರೂತಳ ಪುಸ್ತಕ ಪುಟ್ಟದು, ಎಲ್ಲರೂ ಓದಿದ್ದೇವೆ. ಅತ್ತೆ ಸೊಸೆಯ ಪ್ರೀತಿಯ ಕಥೆ ಎಂದು ನೆನಪಿಡುತ್ತೇವೆ. ಅದು ಗುಳೆಯ ಕಥೆಯೂ ಹೌದು. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲೇ ಬರ ಬಿದ್ದಾಗ ನವೊಮಿಯ ಕುಟುಂಬ ಮೋವಾಬಿಗೆ ಹೋಯಿತು. ಗಂಡ, ಇಬ್ಬರು ಗಂಡುಮಕ್ಕಳು ಅಲ್ಲೇ ತೀರಿಕೊಂಡರು. ಹತ್ತು ವರ್ಷದ ಮೇಲೆ ಅವಳು ಬರಿಗೈಯಲ್ಲಿ ಮರಳಿದಳು. ಊರಿನ ಹೆಂಗಸರು ಅವಳನ್ನು ಗುರುತು ಹಿಡಿದರು. ಹೊಲದಲ್ಲಿ ಹಕ್ಕಲು ಆಯುವ ಬಡವರ ಹಕ್ಕನ್ನು ಊರು ಉಳಿಸಿಕೊಂಡಿತ್ತು. ಅವಳ ಗಂಡನ ಜಮೀನು ಯಾರದೆಂದು ಊರ ಹಿರಿಯರಿಗೆ ನೆನಪಿತ್ತು, ಊರ ಬಾಗಿಲಲ್ಲಿ ಕುಳಿತು ಬೋವಜ ಅದನ್ನು ಬಿಡಿಸಿದ. ರೂತಳ ನಿಷ್ಠೆ ದೊಡ್ಡದು. ಆದರೆ ಬೆತ್ಲೆಹೇಮ್ ಅವರ ಜಾಗವನ್ನು ಕಾಯ್ದಿರಿಸದಿದ್ದರೆ ಆ ನಿಷ್ಠೆಗೆ ಬಂದು ಸೇರಲು ಊರೇ ಇರುತ್ತಿರಲಿಲ್ಲ.

ಈ ಹಂಗಾಮಿಗೆ ನಮ್ಮ ಕೈಲಾದದ್ದು

ನೀರಾವರಿ ಯೋಜನೆ ನಮ್ಮ ಯುವಕೂಟದ ಕೈಯಲ್ಲಿಲ್ಲ. ಕೂಲಿ ದರವೂ ಇಲ್ಲ. ಆದರೆ ಕೆಲವು ಕೆಲಸ ನಮ್ಮಿಂದ ಆಗುತ್ತದೆ, ಅದಕ್ಕೆ ಹಣವೂ ಹೆಚ್ಚು ಬೇಡ.

ಮೊದಲನೆಯದು, ಒಂದು ನೋಟ್‌ಬುಕ್. ಸೆಪ್ಟೆಂಬರಿನಲ್ಲೇ ಮನೆ ಮನೆಗೆ ಹೋಗಿ ಯಾರು ಹೋಗುತ್ತಾರೆ, ಯಾವ ಕಾರ್ಖಾನೆಯ ಕಡೆಗೆ, ಫೋನ್ ನಂಬರ್ ಯಾವುದು, ಮಕ್ಕಳು ಯಾವ ತರಗತಿ, ಮನೆಯಲ್ಲಿ ಉಳಿಯುವವರು ಯಾರು ಎಂದು ಬರೆದುಕೊಳ್ಳೋಣ. ಜಾತಿ ಮತ ನೋಡದೆ, ನಮ್ಮ ಓಣಿಯ ಎಲ್ಲರದೂ. ಆ ವಿವರ ಜೋಪಾನವಾಗಿ ಇಬ್ಬರು ಹಿರಿಯರ ಬಳಿ ಇರಲಿ.

ಎರಡನೆಯದು, ಶಾಲೆ. ಆ ಪಟ್ಟಿ ಹಿಡಿದು ದೀಪಾವಳಿ ರಜೆಗೆ ಮುಂಚೆಯೇ ಶಾಲಾ ವ್ಯವಸ್ಥಾಪನಾ ಸಮಿತಿಯನ್ನು ಕೇಳೋಣ, ಹಂಗಾಮಿ ವಸತಿಗೃಹದ ಅರ್ಜಿ ಹಾಕಿಸೋಣ. ಉಳಿಯುವ ಮಗುವಿಗೆ ಸಂಜೆ ಒಂದು ಗಂಟೆ ಪಾಠ ಹೇಳುವುದು, ಅಜ್ಜಿಯ ರೇಷನ್ ತಂದುಕೊಡುವುದು, ವಾರಕ್ಕೊಮ್ಮೆ ಅಪ್ಪ ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿಕೊಡುವುದು ಹತ್ತನೆಯ ತರಗತಿ ಮುಗಿಸಿದ ಯಾರಿಗಾದರೂ ಆಗುವ ಕೆಲಸ.

ಮೂರನೆಯದು, ಲೆಕ್ಕ. ಹೋಗುವವರಿಗೆ ತೂಕದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳುವುದನ್ನು ಕಲಿಸೋಣ. ಎಷ್ಟು ಟನ್, ಎಷ್ಟು ಮುಂಗಡ, ಎಷ್ಟು ದಂಡ ಎಂದು ಬರೆದ ಒಂದು ಪುಟ್ಟ ಪುಸ್ತಕ ಅವರ ಬಳಿಯೇ ಇದ್ದರೆ ಏಪ್ರಿಲ್‌ನಲ್ಲಿ ಮಾತು ಬೇರೆಯಾಗಿರುತ್ತದೆ.

ನಾಲ್ಕನೆಯದು ಹಿರಿಯರಿಗೆ. ನಮ್ಮ ಸ್ವಸಹಾಯ ಸಂಘಗಳು ಹಬ್ಬಕ್ಕೆ ಸಾಲ ಕೊಡುತ್ತವೆ. ಜುಲೈ ಆಗಸ್ಟ್‌ನಲ್ಲಿ, ಮನೆಯಲ್ಲಿ ಕಾಳು ಮುಗಿಯುವ ಹೊತ್ತಿಗೆ ಕೊಡಲಿ. ಐದು ಸಾವಿರ ಇಲ್ಲಿ ಸಿಕ್ಕರೆ ಮುಕಾದಮನಿಂದ ತೆಗೆಯುವ ಮುಂಗಡ ಅಷ್ಟು ಕಡಿಮೆಯಾಗುತ್ತದೆ. ಗಲಾಯಿಯವರ ಊರುಗಳು ತಮ್ಮ ಹುಡುಗರಿಗೆ ಮಾಡಿದ್ದು ಇದನ್ನೇ, ಕೈಹಿಡಿಯುವ ಕೆಲಸವನ್ನು ಊರೇ ಮಾಡಿತು.

ಐದನೆಯದು ನಮ್ಮ ಗುರುಗಳಲ್ಲಿ ಒಂದು ವಿನಂತಿ. ಅಕ್ಟೋಬರಿನ ಒಂದು ಭಾನುವಾರ ಕಟಾವಿಗೆ ಹೋಗುವ ಕುಟುಂಬಗಳನ್ನು ಮುಂದೆ ಕರೆದು ಆಶೀರ್ವದಿಸಿ ಕಳಿಸೋಣ, ಗಲ್ಫಿಗೆ ಹೋಗುವವರನ್ನು ಕಳಿಸುವ ಹಾಗೆಯೇ. ಕ್ರಿಸ್ತಜಯಂತಿಯ ಕ್ಯಾರಲ್ ಹಾಡುಗಳನ್ನು ನಾವು ಪ್ರತಿ ವರ್ಷ ದೀಪ ಹಾಕಿದ ದೊಡ್ಡ ಮನೆಗಳ ಮುಂದೆ ಹಾಡುತ್ತೇವೆ. ಈ ಸಲ ಒಂದು ರಾತ್ರಿ ಒಂದು ಟೆಂಪೋ ಮಾಡಿಕೊಂಡು ಕಬ್ಬಿನ ಗದ್ದೆಯ ಗುಡಿಸಲುಗಳ ಬಳಿ ಹೋಗೋಣ. ಮೊದಲ ಕ್ರಿಸ್ತಜಯಂತಿಯ ಸುದ್ದಿ ಕೇಳಿದವರೂ ರಾತ್ರಿ ಬಯಲಲ್ಲಿದ್ದವರೇ.

ಕೊನೆಯದು ಧರ್ಮೋಪದೇಶ ತರಗತಿಗೆ, ಅಂದರೆ ನನಗೆ. ಹಾಜರಿ ಪುಸ್ತಕದಲ್ಲಿ ಈಗ 'ಹಾಜರು', 'ಗೈರು' ಎಂಬ ಎರಡೇ ಗುರುತುಗಳಿವೆ. ಮೂರನೆಯದೊಂದನ್ನು ಸೇರಿಸಿದ್ದೇನೆ: 'ಕಟಾವಿನಲ್ಲಿ'. ಆ ಗುರುತಿರುವ ಹೆಸರುಗಳನ್ನು ಪ್ರತಿ ಭಾನುವಾರ ನಾನು ಎಲ್ಲರ ಜೊತೆ ಕೂಗುತ್ತೇನೆ, ತರಗತಿಯ ಉಳಿದ ಮಕ್ಕಳು ಅವರ ಬದಲಿಗೆ "ಕಟಾವಿನಲ್ಲಿದ್ದಾರೆ" ಎನ್ನುತ್ತಾರೆ. ಪ್ರಥಮ ಪರಮಪ್ರಸಾದದ ಸಿದ್ಧತೆಯಿಂದ ಯಾವ ಮಗುವೂ ಹೊರಗುಳಿಯದ ಹಾಗೆ ಅವರಿಗಾಗಿ ಮೇ ತಿಂಗಳಲ್ಲಿ ಬೇರೆ ತರಗತಿ ಇಡಲು ಗುರುಗಳು ಒಪ್ಪಿದ್ದಾರೆ.

ಹೋದ ಮೇ ತಿಂಗಳಲ್ಲಿ ಆ ಅಣ್ಣ ತಂಗಿ ಮತ್ತೆ ಬಂದರು. ಪಟ್ಟಿ ಓದುವಾಗ ಅವರ ಹೆಸರು ಅದೇ ಜಾಗದಲ್ಲಿತ್ತು. ಕೂಗಿದೆ. ಇಬ್ಬರೂ ಎದ್ದು ನಿಂತು "ಹಾಜರು" ಎಂದರು.